ಕುಂದವಾಡ ಕೆರೆನಾ, ಚಾನಲ್ ಏರಿನಾ, ಕೊಂಡಜ್ಜಿನಾ? ನಮ್ ಸುಬ್ಬಿ ಜೊತೆ ಓಡಾಡಿ ನೋಡಿದ್ದು

ನಮ್ಮನೇಲಿ ಸುಬ್ಬಿ ಅಂತ ಒಂದು ಲ್ಯಾಬ್, ಅಂದ್ರೆ ಲ್ಯಾಬ್ರಡಾರ್ ನಾಯಿ ಐತೆ, ಐದು ವರ್ಷ, ಹೋದ ವರ್ಷ ತೂಕಕ್ಕೆ ಹಾಕಿದ್ರೆ 36 ಕೆಜಿ ತೋರಿಸ್ತು. ತಪ್ಪು ಅವಳದ್ದಲ್ಲ ಬಿಡ್ರಿ, ನಮ್ಮತ್ತೆ "ಪಾಪ ಮೂಕಪ್ರಾಣಿ" ಅಂತ ಎರಡು ಹೊತ್ತೂ ಮೊಸರನ್ನ ಕಲಸಿ ಕಲಸಿ ಇಟ್ಟು ಹಿಂಗಾಗೈತೆ. ಡಾಕ್ಟ್ರು ಊಟ ಅರ್ಧ ಮಾಡಿ, ದಿನಾ ಅರ್ಧ ಮುಕ್ಕಾಲು ಗಂಟೆ ನಡೆಸಿ, ಆದ್ರೆ ಬಿಸಿಲಲ್ಲಿ ಮಾತ್ರ ಬೇಡವೇ ಬೇಡ ಅಂದ್ರು. ದಾವಣಗೆರೆಲಿ ಬಿಸಿಲಿಲ್ದೇ ಇರೋ ಜಾಗ ಎಲ್ಲೈತೆ ಸಾರ್ ಅಂತ ಕೇಳ್ದೆ, ಅವರು ನಕ್ಕು ಮುಂದಿನ ನಾಯಿ ಕರೆದ್ರು.

ಹಂಗಾಗಿ ನಾನೇ ಹುಡುಕ್ತಾ ಹೋದೆ. ಬೇಕಾಗಿದ್ದು ಮೂರೇ: ಎರಡು ಕಿಲೋಮೀಟರ್ ಒಳಗಿನ ದಾರಿ, ತಲೆ ಮೇಲೆ ನೆರಳು, ಪಕ್ಕದಲ್ಲಿ ನೀರು. ಒಂದು ವರ್ಷದಿಂದ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಹೊತ್ತಲ್ಲಿ ಬೆಲ್ಟ್ ಹಿಡ್ಕೊಂಡು ಓಡಾಡಿ ನೋಡಿದ್ದು ಇದು.

ಮೊದ್ಲು ಕುಂದವಾಡ ಕೆರೆ, ಯಾಕಂದ್ರೆ ಊರೊಳಗೇ ಐತೆ, ಸ್ಕೂಟರಲ್ಲಿ ಕಾಲ ಹತ್ರ ಕೂರಿಸ್ಕೊಂಡು ಹೋದ್ರೂ ಆಯ್ತು. ದಾರಿ ಸಮ ಐತೆ, ಮಂಡಿ ನೋವಿನವರೂ ನಡೀಬೋದು, ಹಕ್ಕಿ ನೋಡೋರಿಗಂತೂ ಹಬ್ಬ. ಆದ್ರೆ ನಾಯಿ ಲೆಕ್ಕದಲ್ಲಿ ನೋಡಿದ್ರೆ ಬೇರೆ. ಇದು ಊರಿಗೆ ಕುಡಿಯೋ ನೀರಿನ ಕೆರೆ, ಅಲ್ಲಿ ನಾಯಿ ಇಳಿಸೋ ಮಾತೇ ಇಲ್ಲ, ಇಳಿಸ್ಲೂಬಾರ್ದು. ಲ್ಯಾಬ್ ಜಾತಿ ನಾಯಿಗೆ ಅರ್ಧ ಗಂಟೆ ನೀರು ಬರೀ ತೋರಿಸ್ಕೊಂಡು ಹೋಗೋದು ಅಂದ್ರೆ ಮಕ್ಕಳನ್ನ ಬೆಣ್ಣೆದೋಸೆ ಹೋಟ್ಲು ಮುಂದೆ ನಿಲ್ಲಿಸ್ಕೊಂಡು ಆಮೇಲೆ ಮನೇಲಿ ಉಪ್ಪಿಟ್ಟೈತೆ ಬಾ ಅಂದಂಗೆ. ಇಡೀ ದಾರಿ ಎಳೆದಾಟ, ನನ್ ಭುಜ ಹೋಯ್ತು. ನೆರಳು ಅಲ್ಲಲ್ಲಿ ಅಷ್ಟೇ, ಎಂಟು ಗಂಟೆ ದಾಟಿದ್ರೆ ನೆಲ ಕಾಯೋಕೆ ಶುರು. ನಾನು ಕೈ ಹಿಂಭಾಗ ನೆಲಕ್ಕಿಟ್ಟು ಏಳರ ತನಕ ಎಣಿಸ್ತೀನಿ, ಅಷ್ಟು ಹೊತ್ತು ಇಡೋಕಾಗ್ಲಿಲ್ಲ ಅಂದ್ರೆ ಅವಳ ಪಾದಕ್ಕೂ ಆಗಲ್ಲ. ಜನನೂ ಜಾಸ್ತಿ. ಒಬ್ರು ಹಿರಿಯರು "ಏನ್ರೀ, ಇಲ್ಲಿಗ್ಯಾಕ್ರೀ ನಾಯಿ ತಂದ್ರಿ" ಅಂದ್ರು, ಕಿಸೆಯಿಂದ ಕವರ್ ತೆಗೆದು ತೋರಿಸಿ, ಗಲೀಜು ಮಾಡಿದ್ರೆ ನಾನೇ ಎತ್ತೀನಿ ಸಾರ್ ಅಂದೆ, ಆಗ ಸುಮ್ನಾದ್ರು. ಅವರ ಮಾತಲ್ಲೂ ತಪ್ಪಿಲ್ಲ, ಕುಡಿಯೋ ನೀರು ಅಲ್ವಾ. ಮೂರ್ನಾಲ್ಕು ತಿಂಗಳು ಹೋಗಿ ಬಿಟ್ಟೆ.

ಆಮೇಲೆ ಸಿಕ್ಕಿದ್ದು ಭದ್ರಾ ಚಾನಲ್ ಏರಿ, ಅಂದ್ರೆ ಗದ್ದೆಗೆ ನೀರು ಬಿಡೋ ಭದ್ರಾ ನಾಲೆ ದಂಡೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ತುಂಬಾ ಇಷ್ಟ ಆಗಿದ್ದೂ ಇದೇ, ಜೀವ ಬಾಯಿಗೆ ಬಂದಿದ್ದೂ ಇಲ್ಲೇ.

ನಾವು ಹೋಗೋದು ಊರು ದಾಟಿದ ಮೇಲೆ ಬರೋ ಒಂದು ತುಂಡು, ಹೋಗಿ ಬಂದ್ರೆ ಒಂದೂವರೆ ಕಿಲೋಮೀಟರ್ ಇರ್ಬೋದು. ಒಂದು ಕಡೆ ಹೊಂಗೆ, ಬೇವು, ಜಾಲಿ ಸಾಲಾಗಿ ಐತೆ, ಇನ್ನೊಂದು ಕಡೆ ಭತ್ತದ ಗದ್ದೆ. ಮಣ್ಣಿನ ದಾರಿ, ಕಾಲಿಗೆ ತಂಪು. ಗದ್ದೆ ಮೇಲಿಂದ ಬರೋ ಗಾಳಿಗೆ ಸುಬ್ಬಿ ನಾಲಿಗೆ ಹೊರಗೆ ಹಾಕೋದೇ ಕಡಿಮೆ, ಕುಂದವಾಡದಲ್ಲಿ ಅರ್ಧ ಸುತ್ತಿಗೇ ತೇಕೋಳು ಇಲ್ಲಿ ಕೊನೇ ತನಕ ಬಾಲ ಎತ್ಕೊಂಡೇ ಹೋಗ್ತಾಳೆ. ನಾಯಿಗೆ ನಮ್ ಥರ ಮೈಯೆಲ್ಲಾ ಬೆವರಲ್ಲ ನೋಡ್ರಿ, ಪಾದದಲ್ಲಿ ಒಂಚೂರು ಅಷ್ಟೇ, ಮಿಕ್ಕಿದ್ದೆಲ್ಲಾ ತೇಕಿ ತೇಕಿನೇ ತಣ್ಣಗಾಗ್ಬೇಕು, ಅದಕ್ಕೇ ನಾನು ಜಾಗದ ಮಾರ್ಕ್ಸನ್ನ ಅವಳ ನಾಲಿಗೆ ನೋಡೇ ಕೊಡೋದು.

ಆದ್ರೆ ಚಾನಲ್ಲಲ್ಲಿ ನೀರು ವರ್ಷಪೂರ್ತಿ ಇರಲ್ಲ. ಮಳೆಗಾಲದ ಬೆಳೆಗೊಂದು ಸಲ, ಬೇಸಿಗೆ ಬೆಳೆಗೊಂದು ಸಲ ಬಿಡ್ತಾರೆ. ಈ ನೀರು ಬರೋದು ಲಕ್ಕವಳ್ಳಿಯ ಭದ್ರಾ ಡ್ಯಾಂನಿಂದ, ಅದರ ಪೂರ್ತಿ ಮಟ್ಟ 186 ಅಡಿ, ಜುಲೈ ಬಂತಂದ್ರೆ ನಮ್ ಕಡೆ ರೈತರು ಬೆಳಗ್ಗೆ ಪೇಪರಲ್ಲಿ ಮೊದ್ಲು ನೋಡೋದು ಆ ನಂಬರು, ಈಗ ನಾನೂ ನೋಡ್ತೀನಿ, ನನ್ ಹೆಂಡ್ತಿ "ನಿಮಗೆಷ್ಟು ಎಕರೆ ಐತ್ರೀ" ಅಂತ ಕಿಚಾಯಿಸ್ತಾಳೆ. ನೀರು ನಿಲ್ಲಿಸಿದ ಮೇಲೆ ತಳದಲ್ಲಿ ಅಲ್ಲಲ್ಲಿ ಗುಂಡಿ ನೀರು ಉಳಿಯುತ್ತೆ, ಒಡೆದ ಬಾಟ್ಲಿ ಕಾಣ್ತವೆ. ಆ ಟೈಮಲ್ಲಿ ಹೋಗೋದೇ ಬೇಡ. ನಿಂತ ನೀರಿಗೆ ಇಲಿ ಉಚ್ಚೆ ಸೇರಿದ್ರೆ ಇಲಿಜ್ವರ ಬರುತ್ತೆ, ನಾಯಿಗೂ ಬರುತ್ತೆ ನಮಗೂ ಬರುತ್ತೆ. ಸುಬ್ಬಿಗೆ ವರ್ಷಕ್ಕೊಂದು ಸಲ ಅದರ ಇಂಜೆಕ್ಷನ್ ಹಾಕಿಸ್ತೀವಿ, ಆದ್ರೂ ಗುಂಡಿ ನೀರು ನೆಕ್ಕೋಕೆ ಬಿಡಲ್ಲ, ಬಾಟ್ಲಿ ನೀರು ಒಂದು ಸ್ಟೀಲ್ ಬಟ್ಲು ಜೊತೇಲೇ ಇರುತ್ತೆ. ಗದ್ದೆಗೆ ಔಷಧಿ ಹೊಡೀತಿದ್ರೆ ಆ ದಿನ ವಾಪಸ್.

ಇನ್ನು ಜೀವ ಬಾಯಿಗೆ ಬಂದ ಕಥೆ. ಆಗ ನನ್ ಹತ್ರ ಎಳೆದಂಗೆ ಉದ್ದ ಆಗೋ ಬೆಲ್ಟ್ ಇತ್ತು, ಬಟನ್ ಒತ್ತಿದ್ರೆ ನಿಲ್ಲುತ್ತಲ್ಲ ಅದು. ಚಾನಲ್ ತುಂಬ್ಕೊಂಡು ಹರೀತಿತ್ತು, ಅಂಚಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು, ಇವಳು ಒಂದೇ ನೆಗೆತ. ಬಟನ್ ಒತ್ತೋ ಅಷ್ಟರಲ್ಲಿ ನಾಲ್ಕೈದು ಮೀಟರ್ ಬಿಚ್ಕೊಂಡು ಕಾಂಕ್ರೀಟ್ ಇಳಿಜಾರಲ್ಲಿ ಜಾರಿ ಸೊಂಟದ ತನಕ ನೀರಲ್ಲಿ. ಈಜೋದು ಬರುತ್ತೆ ಅವಳಿಗೆ, ಪ್ರಶ್ನೆ ಅದಲ್ಲ, ಪಾಚಿ ಹಿಡಿದ ಇಳಿಜಾರಲ್ಲಿ ಮೇಲೆ ಹತ್ತೋಕೆ ಉಗುರಿಗೆ ಹಿಡಿತವೇ ಸಿಗಲ್ಲ, ಹರಿಯೋ ನೀರು ಬೇರೆ ಎಳೀತಿರುತ್ತೆ. ಕುತ್ತಿಗೆಗೆ ಬರೀ ಪಟ್ಟಿ ಹಾಕಿದ್ದಿದ್ರೆ ಜಗ್ಗಿದಾಗ ತಲೆಯಿಂದ ಕಳಚ್ಕೊಂಡೇ ಹೋಗ್ತಿತ್ತು, ಪುಣ್ಯಕ್ಕೆ ಎದೆಗೆ ಹಾಕೋ ಹಾರ್ನೆಸ್ ಇತ್ತು, ಗದ್ದೇಲಿದ್ದ ಒಬ್ಬ ಅಣ್ಣ ಓಡಿ ಬಂದು ನನ್ ಸೊಂಟ ಹಿಡ್ಕೊಂಡ್ರು, ನಾನು ಬೆಲ್ಟ್ ಜಗ್ಗಿದೆ. ಇಬ್ರೂ ಮಣ್ಣಲ್ಲಿ ಕೂತ್ವಿ. ಅವರು "ಇಲ್ಲಿ ಎಮ್ಮೆ ಬಿದ್ರೂ ಹತ್ತಿಸೋದು ಕಷ್ಟ ಐತ್ರೀ" ಅಂದ್ರು. ಆವತ್ತೇ ಆ ಬೆಲ್ಟ್ ಅಟ್ಟಕ್ಕೆ ಹೋಯ್ತು. ಈಗ ಐದಡಿ ಹಗ್ಗ, ಕೈಗೆ ಒಂದು ಸುತ್ತು ಕೂಡ ಸುತ್ಕೊಳ್ಳಲ್ಲ, ಕುಣಿಕೆಲಿ ಹೆಬ್ಬೆರಳು ಅಷ್ಟೇ, ಯಾಕಂದ್ರೆ ಸುತ್ಕೊಂಡ್ರೆ ಅವಳ ಜೊತೆ ನಾನೂ ಹೋಗ್ತೀನಿ. ಮತ್ತೆ ನಡೆಯೋದು ಮರದ ಸಾಲಿನ ಕಡೆ, ನೀರಿನ ಕಡೆ ನಾನು, ಆಚೆ ಕಡೆ ಅವಳು.

ಮೂರನೇದು ಕೊಂಡಜ್ಜಿ. ಹರಿಹರ ತಾಲೂಕಿಗೆ ಸೇರಿದ್ದು, ನಮ್ಮನೆಯಿಂದ ಕಾರಲ್ಲಿ ಅರ್ಧ ಗಂಟೆ ಸಾಕು. ಸ್ಕೌಟ್ಸ್ ಕ್ಯಾಂಪಿಗೆ ಹೋದೋರಿಗೆಲ್ಲಾ ಗೊತ್ತಿರೋ ಜಾಗ, ಗುಡ್ಡ, ಕಾಡು, ಮಧ್ಯೆ ಕೆರೆ. ನೆರಳಲ್ಲಿ ಇದಕ್ಕೆ ನೂರಕ್ಕೆ ತೊಂಬತ್ತು. ಚಾನಲ್ ಥರ ಕಡಿದಾದ ಕಾಂಕ್ರೀಟ್ ಇಲ್ಲ, ಒಂದು ಕಡೆ ದಡ ಇಳಿಜಾರಾಗಿ ನೀರಿಗೆ ಸೇರುತ್ತೆ, ಹಗ್ಗ ಹಿಡ್ಕೊಂಡೇ ಮೊಣಕಾಲುದ್ದ ಇಳಿಸ್ಬೋದು. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂಗೆ ಪಾಚಿ ಕಟ್ಟಿದ್ರೆ ಮಾತ್ರ ಇಳಿಸ್ಬೇಡಿ, ಅಂಥದ್ರಲ್ಲಿ ಕೆಲವು ವಿಷ ಇರ್ತವೆ. ತೊಂದ್ರೆ ಏನಂದ್ರೆ ನವಿಲು ಮತ್ತೆ ಉಣ್ಣಿ. ನವಿಲು ಕೂಗಿದ್ರೆ ಸುಬ್ಬಿಗೆ ಕಿವಿ ನಿಮಿರುತ್ತೆ, ಕಾಡಂಚು ಅದು, ಬೆಲ್ಟ್ ಬಿಚ್ಚೋದು ಬೇಡವೇ ಬೇಡ. ಉಣ್ಣಿ ಅಂತೂ ಮಳೆ ಮುಗಿದ ಮೇಲೆ ಹುಲ್ಲಲ್ಲಿ ನಡೆಸಿದ್ರೆ ಮನೆಗೆ ಬಂದು ಬೆರಳ ಸಂದಿ, ಕಿವಿ ಒಳಗೆ, ಬಾಲದ ಬುಡ ಹುಡುಕ್ಲೇಬೇಕು. ಒಂದ್ಸಲ ನಾನು ಸೋಮಾರಿತನ ಮಾಡಿದೆ, ಟಿಕ್ ಫೀವರ್ ಬಂದು ಅವಳು ವಾರ ಪೂರ್ತಿ ಮೊಸರನ್ನ ಕೂಡ ಮುಟ್ಲಿಲ್ಲ, ಅತ್ತೆ ನನ್ ಜೊತೆ ಮಾತು ಬಿಟ್ರು.

ನಾಲ್ಕನೇದು ಚಿತ್ರದುರ್ಗದ ಚಂದ್ರವಳ್ಳಿ, ಭಾವ ಅಲ್ಲೇ ಇರೋದ್ರಿಂದ ಎರಡು ಸಲ ಹೋಗಿದ್ವಿ. ಕೆರೆ ಚೆಂದ, ಸುತ್ತ ಗುಡ್ಡ, ಮಯೂರಶರ್ಮ ಕೆರೆ ಕಟ್ಟಿಸಿದ್ದು ಹೇಳೋ ಶಾಸನ ಅಲ್ಲೇ ಬಂಡೆ ಮೇಲೆ ಐತೆ. ಬೆಳಗ್ಗೆ ಆರಕ್ಕೆ ಹೋದ್ರೆ ಸ್ವರ್ಗ. ಆದ್ರೆ ದುರ್ಗದ ಬಂಡೆ ಅಂದ್ರೆ ಗೊತ್ತಲ್ಲ, ಒಂಬತ್ತಕ್ಕೆ ಹೆಂಚಿನ ಥರ ಕಾಯುತ್ತೆ. ಕೋತಿ ಬೇರೆ. ಒಂದು ಗಡವ ಕೋತಿ ಹಲ್ಲು ಕಿರಿದ ತಕ್ಷಣ ನಮ್ 36 ಕೆಜಿ ವೀರಾಗ್ರಣಿ ನನ್ ಕಾಲ ಸಂದಿಗೆ ಬಂದು ನಿಂತ್ಲು. ಗುಹೆ ಕಡೆ ನಾಯಿ ಕರ್ಕೊಂಡು ಹೋಗ್ಲಿಲ್ಲ, ನಾವು ಒಬ್ಬೊಬ್ರಾಗಿ ನೋಡಿ ಬಂದ್ವಿ. ಭಾವ ಜೋಗಿಮಟ್ಟಿಗೆ ಹೋಗೋಣ ಅಂದ್ರು, ಅದು ವನ್ಯಜೀವಿಧಾಮ, ನಾಯಿ ಒಯ್ಯೋ ಜಾಗ ಅಲ್ಲ, ನಮ್ ನಾಯಿ ರೋಗ ಅಲ್ಲಿನ ಪ್ರಾಣಿಗೆ ಅಂಟೋದು ಬೇಡ ಅಂದೆ. ವಾಣಿವಿಲಾಸ ಸಾಗರಕ್ಕೂ ಹೋಗಿದ್ವಿ, 1933 ಆದ್ಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆಗ. ನೀರಿಗಿಂತ ಜನ ಜಾಸ್ತಿ, ಕಾರಿಂದ ಇಳಿಸ್ಲೇ ಇಲ್ಲ.

ಹಂಗಾಗಿ ನಮ್ ಲೆಕ್ಕ ಈಗ ಹಿಂಗೈತೆ. ವಾರದ ದಿನ ಬೆಳಗ್ಗೆ, ನೀರು ಬಿಟ್ಟಿದ್ರೆ ಚಾನಲ್ ಏರಿ, ಐದಡಿ ಹಗ್ಗದಲ್ಲಿ. ಕೂಸು ಕರ್ಕೊಂಡು ಹೋಗೋದಾದ್ರೆ ಚಾನಲ್ ಬೇಡ್ರಿ, ಎರಡು ಕಡೆ ಗಮನ ಇಡೋಕಾಗಲ್ಲ. ವಯಸ್ಸಾದ ನಾಯಿ, ಸಣ್ಣ ಪಮೇರಿಯನ್, ನೀರಿನ ಹುಚ್ಚಿಲ್ದೋವು ಆದ್ರೆ ಏಳರ ಒಳಗೆ ಕುಂದವಾಡನೇ ಆಗುತ್ತೆ, ನಾಯಿ ಬಿಡ್ತಾರಾ ಅಂತ ಅಲ್ಲೇ ಒಂದ್ಮಾತು ಕೇಳ್ಕೊಂಡು ಹೋಗಿ. ಲ್ಯಾಬ್ ಆದ್ರೆ ಕೊಂಡಜ್ಜಿನೇ, ಎರಡನೇ ಯೋಚನೆ ಇಲ್ಲ. ಸುಬ್ಬಿ ಈಗ 31 ಕೆಜಿ.

ಈ ಭಾನುವಾರನೂ ಅಲ್ಲಿಗೇ. ಟವೆಲ್ ಎರಡು ಇಟ್ಕೊಂಡಿದೀನಿ, ಹೋದ ಸಲ ಒಂದೇ ಇತ್ತು, ಅವಳು ನೀರಿಂದ ಎದ್ದು ಬಂದು ನನ್ ಪಕ್ಕದಲ್ಲೇ ಮೈ ಕೊಡವಿದ್ಮೇಲೆ ಅದು ನನಗೇ ಸಾಲ್ಲಿಲ್ಲ.