ಹೊಸ ವಲಸಿಗರು ಆಯ್ದ ಪಡೆಗಳಲ್ಲಿ: ಎಕ್ಸ್ ಟ್ರೂಪ್ ಮತ್ತು ಪಾಲ್ಮಾಖ್

ಆಯ್ದ ಪಡೆಗಳಲ್ಲಿ ಹೊಸ ವಲಸಿಗರ ಕುರಿತ ಪ್ರಬಂಧಕ್ಕೆ 1942ರ ಬ್ರಿಟಿಷ್ ಕಮಾಂಡೋ ತುಕಡಿ ‘ಎಕ್ಸ್ ಟ್ರೂಪ್’ ಆರಿಸಲೇ, 1948ರ ಯುದ್ಧದಲ್ಲಿ ಇಸ್ರೇಲಿನ ಪರ ಹೋರಾಡಿದ ಆಯ್ದ ಪಡೆ ಪಾಲ್ಮಾಖ್ ಆರಿಸಲೇ ಎಂದು ಕೇಳಿದ್ದೀರಿ.

ಮೊದಲು ಭಾಷೆಯನ್ನು ನೋಡಿ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಎಕ್ಸ್ ಟ್ರೂಪ್‌ನವರು ಹಿಟ್ಲರನಿಂದ ಪಾರಾಗಿ ಬಂದ ಜರ್ಮನ್ ಭಾಷಿಕರು, ಬಹುತೇಕ ಯಹೂದಿಗಳು. ಸೆರೆಸಿಕ್ಕ ಜರ್ಮನ್ ಸೈನಿಕನನ್ನು ರಣರಂಗದಲ್ಲೇ ವಿಚಾರಿಸಲು ಅವರ ತಾಯ್ನುಡಿ ನೆರವಾಯಿತು. ಪಾಲ್ಮಾಖ್‌ನಲ್ಲಿ ಇದಕ್ಕೆ ತದ್ವಿರುದ್ಧ. ಯುರೋಪಿನ ನರಮೇಧದಿಂದ ಬದುಕುಳಿದು ಬಂದ ಎಷ್ಟೋ ಯುವಕರಿಗೆ ಗೊತ್ತಿದ್ದುದು ಯುರೋಪಿನ ಯಹೂದಿಗಳ ಆಡುನುಡಿ ಯಿಡ್ಡಿಷ್, ಆಜ್ಞೆಗಳು ಹೀಬ್ರೂವಿನಲ್ಲಿ. ಗುಂಡಿನ ನಡುವೆ ಒಂದು ಮಾತು ತಿಳಿಯದಿದ್ದರೂ ಪ್ರಾಣಕ್ಕೇ ಸಂಚಕಾರ.

ತರಬೇತಿಯಲ್ಲೂ ಅಂತರ ದೊಡ್ಡದು. ಎಕ್ಸ್ ಟ್ರೂಪ್ ವೇಲ್ಸ್‌ನ ಅಬರ್‌ಡೋವಿಯಲ್ಲಿ ದೀರ್ಘಕಾಲ ಒಟ್ಟಿಗೆ ಪಳಗಿತು. 1944ರ ನಾರ್ಮಂಡಿ ದಾಳಿಯ ಹೊತ್ತಿಗೆ ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರೆ ಕಮಾಂಡೋ ಪಡೆಗಳಿಗೆ ಹಂಚಿಹೋಯಿತು. ಯುದ್ಧ ನಡೆಯುತ್ತಲೇ ಇದ್ದುದರಿಂದ ಹೊಸಬರನ್ನು ಹಾಗೆ ಪಳಗಿಸಲು ಇಸ್ರೇಲಿಗೆ ಅಷ್ಟು ಪುರಸೊತ್ತಿರಲಿಲ್ಲ.

ನಂಬಿಕೆಯ ವಿಷಯದಲ್ಲಿ ಬ್ರಿಟನ್ನಿನ ಕಥೆ ನನ್ನನ್ನು ಹೆಚ್ಚು ಕಲಕುತ್ತದೆ. ಶತ್ರುದೇಶದವರೆಂದು ಹಿಂದೆ ಬಂಧಿಸಿಟ್ಟಿದ್ದ ಹಲವರಿಗೇ ಅದು ಇಂಗ್ಲಿಷ್ ಹೆಸರು ಕೊಟ್ಟು ಕಳಿಸಿತು, ಸಿಕ್ಕಿಬಿದ್ದರೆ ಗುರುತು ಬಯಲಾಗದಿರಲಿ ಎಂದು. ಪಾಲ್ಮಾಖ್‌ನಲ್ಲಿ ಅನುಮಾನಕ್ಕಿಂತ ಹಳಬರ ಗಾಢ ಒಡನಾಟವೇ ಹೊಸಬರಿಗೆ ಗೋಡೆಯಾಯಿತು.

ವಲಸಿಗರ ವಿಶೇಷ ಅರಿವನ್ನು ಸೇನೆ ಬಳಸಿಕೊಂಡ ಬಗೆ ನಿಮ್ಮ ವಿಷಯವಾದರೆ ಎಕ್ಸ್ ಟ್ರೂಪ್ ಆರಿಸಿ. ಆಳುಗಳ ಕೊರತೆಯಲ್ಲಿ ಅವಸರದಿಂದ ಬೆರೆಸಿದಾಗ ಆಗುವ ನೋವು ಮುಖ್ಯವಾದರೆ ಪಾಲ್ಮಾಖ್.