ಹಳೇ ಮೋಟಾರ್‌ಹೋಮ್‌ನ ಹಿಂದಿನ ಆಕ್ಸಲ್ ರೇಶಿಯೋ ಬದಲಿಸುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಹಳೇ ಮೋಟಾರ್‌ಹೋಮ್ (ಒಳಗೇ ಇದ್ದು ಮಲಗಬಹುದಾದ ಮನೆಯಂಥ ಗಾಡಿ) ಕೊಂಡು ಓಡಾಡುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ನನ್ನದು 1986ರ ಫೋರ್ಡ್ ಇ-350. 460 ಘನ ಇಂಚಿನ ಎಂಜಿನ್, ಸಿ6 ಅನ್ನೋ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್). ಮೂರೇ ಗೇರು, ಓವರ್‌ಡ್ರೈವ್ (ವೇಗದಲ್ಲಿ ಓಡುವಾಗ ಎಂಜಿನ್ ಸುತ್ತು ಇಳಿಸುವ ಮೇಲಿನ ಗೇರು) ಇಲ್ಲ. ಹಿಂಬದಿ ಚಕ್ರದ ಆಕ್ಸಲ್ ರೇಶಿಯೋ 4.10 ಇತ್ತು, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿಂದ ಬರುವ ದಂಡ 4.10 ಸುತ್ತು ತಿರುಗಬೇಕು; ಈ ಅಂಕಿ ದೊಡ್ಡದಾದಷ್ಟೂ ಎಳೆಯುವ ಬಲ ಜಾಸ್ತಿ, ಎಂಜಿನ್ ಸುತ್ತೂ ಜಾಸ್ತಿ. 60 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು, ಒಳಗೆ ಮಾತಾಡಿದ್ದು ಕೇಳಿಸುತ್ತಿರಲಿಲ್ಲ. 3.55 ಹಾಕಿಸಿ, 2,400ಕ್ಕೆ ಇಳಿಯುತ್ತೆ, ಪೆಟ್ರೋಲೂ ಉಳಿಯುತ್ತೆ ಅಂದರು ಗ್ಯಾರೇಜಿನವರು. ಎಷ್ಟು ಭಾರ, ಯಾವ ಬೆಟ್ಟ ಅಂತ ಒಂದು ಮಾತೂ ಕೇಳಲಿಲ್ಲ.

ಸಪಾಟು ರಸ್ತೆಯಲ್ಲಿ ಸದ್ದು ಕಡಿಮೆ ಆಯ್ತು, ನಿಜ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಐ-5 ಹೆದ್ದಾರಿಯಲ್ಲಿ ಲಾಸ್ ಏಂಜಲೀಸ್ ಕಡೆ ಹೊರಟೆವು. ದಾರಿಯಲ್ಲಿ ಗ್ರೇಪ್‌ವೈನ್ ಅನ್ನೋ ಬೆಟ್ಟದ ಏರು ಬಂತು. ನೂರಡಿಗೆ ಆರಡಿ ಏರು, ಎಸಿ ಆಫ್ ಮಾಡಿ ಅಂತ ಬೋರ್ಡೇ ಇದೆ. ಮೂರನೇ ಗೇರಿನಲ್ಲಿ ಎಳೆಯಲ್ಲ, ಎರಡಕ್ಕೆ ಬೀಳುತ್ತೆ, ಸ್ವಲ್ಪ ಸ್ಪೀಡ್ ಬಂದ ಕೂಡಲೇ ಮತ್ತೆ ಮೂರು, ಮತ್ತೆ ಎರಡು, ಹೀಗೇ ಒದ್ದಾಡುತ್ತಾ ಅರ್ಧ ಹತ್ತಿದ್ದೆವು. "ಏನೋ ಸುಟ್ಟ ವಾಸನೆ, ನಿಲ್ಸಪ್ಪಾ" ಅಂದರು ಅಪ್ಪ. ಟ್ರಾನ್ಸ್‌ಮಿಷನ್ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒರೆಸಿದೆ. ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸೋದು ಟಾರ್ಕ್ ಕನ್ವರ್ಟರ್; ಅದು ಜಾರದಂತೆ ಬಿಗಿ ಹಿಡಿಯುವ ಲಾಕಪ್ ಸಿ6ನಲ್ಲಿ ಇಲ್ಲ. ಭಾರ ಜಾಸ್ತಿ, ಸುತ್ತು ಕಡಿಮೆ ಆದರೆ ಟಾರ್ಕ್ ಕನ್ವರ್ಟರ್ ಜಾರುತ್ತೆ. ಹಾಗೆ ಜಾರಿದ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುತ್ತೆ. ಟ್ರಾನ್ಸ್‌ಮಿಷನ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಬೇಕಾಯ್ತು. ಮೈಲೇಜ್ ಮೊದಲೂ ಗ್ಯಾಲನ್‌ಗೆ 8 ಮೈಲಿ, ಆಮೇಲೂ 8. ಅಷ್ಟು ದೊಡ್ಡ ಡಬ್ಬ ಗಾಳಿಯನ್ನು ತಳ್ಳಿಕೊಂಡು ಹೋಗಬೇಕಲ್ವಾ.

ಸ್ಪೀಡೋಮೀಟರ್ ಬಗ್ಗೆಯೂ ಯಾರೂ ಹೇಳಿರಲಿಲ್ಲ. ಅದು ಟ್ರಾನ್ಸ್‌ಮಿಷನ್ ಹಿಂಭಾಗದ ಸಣ್ಣ ಪ್ಲಾಸ್ಟಿಕ್ ಗೇರಿನಿಂದ ನಡೆಯುತ್ತೆ. ಅದನ್ನು ಬದಲಿಸದಿದ್ದರೆ ಮುಳ್ಳು 60 ತೋರಿಸುವಾಗ ಗಾಡಿ 69ರಲ್ಲಿ ಓಡುತ್ತಿರುತ್ತೆ. ಜಿಪಿಎಸ್ ನೋಡಿದಾಗ ಎದೆ ಧಸಕ್ಕೆಂದಿತು, ಅಮ್ಮ ಹಿಂದೆ ಮಲಗಿದ್ದರು.

ಸದ್ದೇ ತೊಂದರೆಯಾಗಿದ್ದರೆ ಆಕ್ಸಲ್ ಮುಟ್ಟಬೇಡಿ, ಓವರ್‌ಡ್ರೈವ್ ಹಾಕಿಸಿ. ಖರ್ಚು ಜಾಸ್ತಿ. ಆದರೆ ಇ4ಓಡಿ ಟ್ರಾನ್ಸ್‌ಮಿಷನ್ನಿನ ಓವರ್‌ಡ್ರೈವ್ 0.71, ಅಂದರೆ ಸಪಾಟಿನಲ್ಲಿ ನಿಮ್ಮ 4.10 ಸುಮಾರು 2.91ರ ಹಾಗೆ ಓಡುತ್ತೆ, ಏರು ಬಂದಾಗ ಪೂರ್ತಿ 4.10 ಕೈಯಲ್ಲಿರುತ್ತೆ.

ಗೇರ್ ಬದಲಿಸಲೇಬೇಕು ಅಂತಿದ್ದರೆ, ಬಿಚ್ಚಿದ ಹಳೇ ಕ್ರೌನ್ ಪಿನಿಯನ್ (ರೇಶಿಯೋ ನಿರ್ಧರಿಸುವ ಆಕ್ಸಲ್ ಒಳಗಿನ ಗೇರ್ ಜೋಡಿ) ಕೇಳಿ ಮನೆಗೆ ತನ್ನಿ. ನಾನು ವಾಪಸ್ 4.10 ಹಾಕಿಸಲು ಹೋದಾಗ ನನ್ನದು ಗುಜರಿಗೆ ಹೋಗಿತ್ತು, ಹೊಸ ಜೋಡಿ ಕೊಳ್ಳಬೇಕಾಯ್ತು.