ಡಾಲರ್ ಸ್ಟ್ರೀಟ್: ಆದಾಯ ಕಾಣುತ್ತದೆ, ದುಡಿಮೆ ಕಾಣುವುದಿಲ್ಲ

ಬಡತನದ ಬಗ್ಗೆ ಓದಲು ಕೂತರೆ ಮೊದಲು ಎದುರಾಗುವುದು ಅಂಕಿ ಸಂಖ್ಯೆ. ನೂರಕ್ಕೆ ಇಷ್ಟು ಜನ ಬಡವರು, ಇಷ್ಟು ಜನಕ್ಕೆ ಕೆಲಸ ಇಲ್ಲ, ತಲಾ ಆದಾಯ ಇಷ್ಟು. ಎಲ್ಲಾ ಓದಿ ಮುಗಿಸಿದ ಮೇಲೂ ಆ ದುಡ್ಡಿನಲ್ಲಿ ಒಂದು ಮನೆ ಹೇಗೆ ನಡೆಯುತ್ತದೆ ಅನ್ನೋದು ಮಾತ್ರ ಕಣ್ಣಿಗೆ ಕಟ್ಟುವುದಿಲ್ಲ. ಅದನ್ನೇ ತೋರಿಸಲು ಹೊರಟ ಜಾಲತಾಣ ಡಾಲರ್ ಸ್ಟ್ರೀಟ್. ದುಡ್ಡು ಕೊಡುವಂತಿಲ್ಲ, ಸುಮ್ನೆ ತೆರೆದು ನೋಡಬಹುದು. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವವರು, ಪಾಠ ಮಾಡುವವರು, ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡುವವರು, ಎಲ್ಲರೂ ಒಮ್ಮೆ ನೋಡಲೇಬೇಕು. ಹಾಗಂತ ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಒಂದು ದೊಡ್ಡ ಕೊರತೆ ಇದೆ, ಅದರ ಬಗ್ಗೆಯೇ ಈ ವಿಮರ್ಶೆಯಲ್ಲಿ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಇದನ್ನು ನಡೆಸುವುದು ಸ್ವೀಡನ್ನಿನ ಗ್ಯಾಪ್‌ಮೈಂಡರ್ ಸಂಸ್ಥೆ. ವೈದ್ಯ ಹ್ಯಾನ್ಸ್ ರೋಸ್ಲಿಂಗ್, ಅವರ ಮಗ ಓಲಾ, ಸೊಸೆ ಆ್ಯನಾ ರೋಸ್ಲಿಂಗ್ ರೋನ್‌ಲುಂಡ್ ಸೇರಿ 2005ರಲ್ಲಿ ಕಟ್ಟಿದ್ದು. ಡಾಲರ್ ಸ್ಟ್ರೀಟ್ ಆ್ಯನಾ ಅವರ ಯೋಚನೆ, 2016ರಲ್ಲಿ ಜನರ ಮುಂದೆ ಬಂತು. ಇಡೀ ಜಗತ್ತು ಒಂದೇ ಬೀದಿಯಲ್ಲಿ ವಾಸ ಮಾಡುತ್ತಿದೆ ಅಂದುಕೊಳ್ಳಿ. ತೀರಾ ಬಡವರ ಮನೆ ಎಡ ತುದಿಯಲ್ಲಿ, ತೀರಾ ಶ್ರೀಮಂತರದ್ದು ಬಲ ತುದಿಯಲ್ಲಿ, ತಿಂಗಳ ಆದಾಯವೇ ಮನೆ ನಂಬರು. ಫೋಟೋಗ್ರಾಫರುಗಳು ಹತ್ತಾರು ದೇಶಗಳಲ್ಲಿ ನೂರಾರು ಮನೆಗಳಿಗೆ ಹೋಗಿ, ಪ್ರತಿ ಮನೆಯಲ್ಲೂ ಅದೇ ಅದೇ ವಸ್ತುಗಳ ಫೋಟೋ ತೆಗೆದಿದ್ದಾರೆ. ಒಲೆ, ಹಾಸಿಗೆ, ಕಕ್ಕಸು, ಕುಡಿಯುವ ನೀರು, ಚಾವಣಿ, ನೆಲ, ಚಪ್ಪಲಿ, ಮಕ್ಕಳ ಆಟಿಕೆ, ಹಲ್ಲುಜ್ಜುವ ಬ್ರಷ್, ಹೀಗೆ ಪಟ್ಟಿ ಉದ್ದ ಇದೆ. ನಾವು ಒಂದು ವಸ್ತು ಆರಿಸಿಕೊಂಡರೆ ಬೀದಿಯ ಎಲ್ಲಾ ಮನೆಗಳ ಅದೇ ವಸ್ತು ಸಾಲಾಗಿ ಬರುತ್ತದೆ. ದೇಶ ಆರಿಸಬಹುದು, ಆದಾಯದ ಮಿತಿಯನ್ನು ಹಿಂದೆ ಮುಂದೆ ಎಳೆಯಬಹುದು.

ಒಲೆಯಿಂದ ಶುರು ಮಾಡಿ ಅಂತ ನನ್ನ ಸಲಹೆ. ಎಡ ತುದಿಯಲ್ಲಿ ಮೂರು ಕಲ್ಲು, ಸೌದೆ, ಮಸಿ ಹಿಡಿದ ಪಾತ್ರೆ. ಆ ಮೂರು ಕಲ್ಲಿನ ಒಲೆ ಆಫ್ರಿಕಾದ್ದೋ ಏಷ್ಯಾದ್ದೋ ಅಂತ ಕೆಳಗಿನ ಹೆಸರು ಓದದೆ ಹೇಳುವುದು ಕಷ್ಟ. ಸ್ವಲ್ಪ ಬಲಕ್ಕೆ ಬಂದರೆ ಮಣ್ಣಿನ ಒಲೆ, ಇದ್ದಿಲ ಒಲೆ. ಇನ್ನೂ ಸರಿದರೆ ಗ್ಯಾಸ್. ಅಲ್ಲಿಂದ ಮುಂದೆ ಎಲ್ಲಾ ದೇಶದ ಅಡುಗೆಮನೆಗಳೂ ಒಂದನ್ನೊಂದು ಹೋಲತೊಡಗುತ್ತವೆ. ಹಲ್ಲುಜ್ಜುವ ಬ್ರಷ್ ನೋಡಿದರೆ ಇದು ಇನ್ನೂ ಸ್ಪಷ್ಟ. ತೀರಾ ಎಡಕ್ಕೆ ಬೆರಳು ಅಥವಾ ಕಡ್ಡಿ, ಆಮೇಲೆ ಬಹಳ ದೂರದವರೆಗೆ ಅದೇ ಪ್ಲಾಸ್ಟಿಕ್ ಬ್ರಷ್. ಜನರ ಬದುಕಿನ ರೀತಿಯನ್ನು ನಾವು ಸಂಸ್ಕೃತಿ, ಧರ್ಮ, ದೇಶ ಅಂತ ಹೇಳಿ ವಿವರಿಸುತ್ತೇವಲ್ಲ, ಅದರಲ್ಲಿ ಎಷ್ಟೋ ಭಾಗ ಬರೀ ಆದಾಯದ ವಿಷಯ. ಇಷ್ಟನ್ನು ಒಂದೂ ವಾಕ್ಯ ಬರೆಯದೆ ಅರ್ಥ ಮಾಡಿಸುವುದು ಈ ತಾಣದ ದೊಡ್ಡ ಗೆಲುವು. ಇಷ್ಟು ಪರಿಣಾಮಕಾರಿಯಾಗಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಮನೆ ನಂಬರಿನ ಲೆಕ್ಕ ಸ್ವಲ್ಪ ತಿಳಿದುಕೊಂಡು ನೋಡಿ. ಎಡ ತುದಿಯಲ್ಲಿರುವ ಬುರುಂಡಿಯ ಮನೆಗೆ ತಿಂಗಳಿಗೆ 30 ಡಾಲರ್‌ಗಿಂತ ಕಡಿಮೆ. ಬಲ ತುದಿಯಲ್ಲಿ 10,000 ಡಾಲರ್ ದಾಟಿದ ಮನೆಗಳಿವೆ. ಈ ಡಾಲರ್ ಅಂದರೆ ಬ್ಯಾಂಕಿನಲ್ಲಿ ಬದಲಾಯಿಸಿದರೆ ಸಿಗುವ ಡಾಲರ್ ಅಂತ ತಿಳಿಯಬೇಡಿ. ಬಡ ದೇಶಗಳಲ್ಲಿ ಬಾಡಿಗೆ, ಕ್ಷೌರ, ತರಕಾರಿ ಎಲ್ಲಾ ಅಗ್ಗ, ಹಾಗಾಗಿ ಅದೇ ದುಡ್ಡಿಗೆ ಅಲ್ಲಿ ಜಾಸ್ತಿ ಸಾಮಾನು ಬರುತ್ತದೆ. ಈ ವ್ಯತ್ಯಾಸವನ್ನು ಸರಿಹೊಂದಿಸಿದ ಡಾಲರ್ ಇದು, ಕೊಳ್ಳುವ ಶಕ್ತಿಯ ಲೆಕ್ಕ. ಮನೆಯವರೇ ಹೇಳಿದ ಆದಾಯ ಅಥವಾ ಖರ್ಚಿಗೆ, ತಾವೇ ಬೆಳೆದು ತಿಂದದ್ದರ ಬೆಲೆಯನ್ನೂ ಸೇರಿಸಿ, ಮನೆಯಲ್ಲಿ ದೊಡ್ಡವರು ಎಷ್ಟು, ಮಕ್ಕಳು ಎಷ್ಟು ಅಂತ ನೋಡಿ ತಲಾ ಹಂಚಿರುತ್ತಾರೆ. ಬೆಳೆದು ತಿಂದದ್ದನ್ನು ಸೇರಿಸಿರುವುದು ಬಹಳ ಒಳ್ಳೆಯ ತೀರ್ಮಾನ. ಕೈಗೆ ಬಂದ ಕಾಸನ್ನಷ್ಟೇ ಎಣಿಸಿದರೆ ಸಣ್ಣ ರೈತನ ಮನೆ ನಿಜಕ್ಕಿಂತ ಬಡವಾಗಿ ಕಾಣುತ್ತದೆ.

ವಿಶ್ವ ಬ್ಯಾಂಕಿನ ಬಡತನ ರೇಖೆ ಜೊತೆ ಹೋಲಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. 1990ರಲ್ಲಿ ದಿನಕ್ಕೆ 1 ಡಾಲರ್ ಅಂತ ಶುರುವಾದ ರೇಖೆ 2022ರಲ್ಲಿ 2.15 ಆಯಿತು, 2025ರ ಜೂನ್‌ನಲ್ಲಿ 3 ಡಾಲರ್ ಆಯಿತು. 3 ಡಾಲರ್ ಅಂದರೆ ತಿಂಗಳಿಗೆ ಒಬ್ಬರಿಗೆ 90 ಡಾಲರ್. ಈ ತಾಣದಲ್ಲಿ 90ರ ಆಸುಪಾಸಿನ ಮನೆಗಳನ್ನು ತೆರೆದು ನೋಡಿದರೆ ಆ ರೇಖೆ ಅಂದರೆ ಎಂಥ ಬದುಕು ಅಂತ ಅಂದಾಜು ಸಿಗುತ್ತದೆ. ಆದರೆ ಅಂದಾಜು ಅಷ್ಟೇ. ಬ್ಯಾಂಕ್ ತಲೆಗೆ ಇಷ್ಟು ಅಂತ ಎಣಿಸುತ್ತದೆ, ಇಲ್ಲಿ ಮಕ್ಕಳಿಗೆ ಬೇರೆ ಲೆಕ್ಕ. ಬೆಲೆ ಹಿಡಿದ ವರ್ಷವೂ ಬೇರೆ.

ಇನ್ನೊಂದು ಹೋಲಿಕೆ ಇದಕ್ಕಿಂತ ಉಪಯೋಗಕ್ಕೆ ಬರುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ 2010ರಿಂದ ಬಹುಆಯಾಮದ ಬಡತನ ಸೂಚ್ಯಂಕ ಅಂತ ತರುತ್ತಿದ್ದಾರೆ. ದುಡ್ಡಿನ ಬದಲು 10 ವಿಷಯ ನೋಡುತ್ತದೆ ಅದು. ಅದರಲ್ಲಿ ಅಡುಗೆ ಇಂಧನ, ಕಕ್ಕಸು, ಕುಡಿಯುವ ನೀರು, ವಿದ್ಯುತ್, ಮನೆಯ ನೆಲ ಗೋಡೆ ಚಾವಣಿ, ಮನೆಯಲ್ಲಿರುವ ಆಸ್ತಿ ಸಾಮಾನು, ಈ 6 ವಿಷಯಗಳು ಡಾಲರ್ ಸ್ಟ್ರೀಟಿನ ಫೋಟೋದಲ್ಲಿ ನೇರವಾಗಿ ಕಾಣುತ್ತವೆ. ಪೌಷ್ಟಿಕತೆ, ಮಕ್ಕಳ ಸಾವು, ಎಷ್ಟು ವರ್ಷ ಓದಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಈ 4 ಕಾಣುವುದಿಲ್ಲ. ಸೂಚ್ಯಂಕದ ಬಗ್ಗೆ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಲ್ಬಮ್ ಸಿಗುವುದಿಲ್ಲ.

ಈಗ ಕೊರತೆಗೆ ಬರುತ್ತೇನೆ. ಮನೆ ಕಾಣುತ್ತದೆ, ಮನೆಯಲ್ಲಿರುವ ಸಾಮಾನು ಕಾಣುತ್ತದೆ, ಆ ಸಾಮಾನು ತಂದ ದುಡಿಮೆ ಮಾತ್ರ ಹಿಂದೆ ಉಳಿಯುತ್ತದೆ. ಕುಟುಂಬದ ಪುಟ ತೆರೆದರೆ ಯಾರು ಏನು ಕೆಲಸ ಮಾಡುತ್ತಾರೆ ಅಂತ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತದೆ. ಓದಲು ಚೆನ್ನಾಗಿದೆ. ಆದರೆ ಆ ಕೆಲಸ ವರ್ಷದಲ್ಲಿ ಎಷ್ಟು ತಿಂಗಳು ಇರುತ್ತದೆ, ಕೂಲಿ ದಿನಕ್ಕೋ ವಾರಕ್ಕೋ, ಕಾಯಿಲೆ ಬಿದ್ದರೆ ಸಂಬಳ ಬರುತ್ತದಾ, ಸಾಲ ಎಷ್ಟಿದೆ, ಇವುಗಳ ಮೇಲೆ ಜೋಡಿಸಿ ನೋಡಲು ದಾರಿ ಇಲ್ಲ. ತಿಂಗಳಿಗೆ 150 ಡಾಲರ್ ಅಂತ ಬರೆದಿದ್ದರೆ ಪ್ರತಿ ತಿಂಗಳೂ 150 ಬರುತ್ತದೆ ಅಂತ ನೋಡುವವರು ಅಂದುಕೊಳ್ಳುತ್ತಾರೆ. ಬಡವರ ಮನೆಯಲ್ಲಿ ಹಾಗೆ ನಡೆಯುವುದೇ ಅಪರೂಪ. ಕೆಲಸ ಇದ್ದ ತಿಂಗಳು 300, ಇಲ್ಲದ ತಿಂಗಳು ಸೊನ್ನೆ, ಸರಾಸರಿ 150. ಈ ಮನೆಯೂ, ತಿಂಗಳಿಗೆ ಸರಿಯಾಗಿ 150 ಸಂಬಳ ಬರುವ ಮನೆಯೂ ಈ ಬೀದಿಯಲ್ಲಿ ಅಕ್ಕಪಕ್ಕ. ನಿಜ ಜೀವನದಲ್ಲಿ ಇವರಿಬ್ಬರ ಕಷ್ಟ ಒಂದೇ ಅಲ್ಲವೇ ಅಲ್ಲ. ಒಬ್ಬರು ಮಗಳ ಶಾಲೆ ಫೀಸು ಯಾವಾಗ ಕಟ್ಟಬಹುದು ಅಂತ ಲೆಕ್ಕ ಹಾಕಬಲ್ಲರು. ಇನ್ನೊಬ್ಬರು ಸೊನ್ನೆ ತಿಂಗಳಲ್ಲಿ ಬಡ್ಡಿಗೆ ತಂದು, 300ರ ತಿಂಗಳಲ್ಲಿ ಅದನ್ನು ತೀರಿಸುತ್ತಾ ಇರುತ್ತಾರೆ.

ಈ ಮಾತು ನನ್ನ ಊಹೆ ಅಂದುಕೊಳ್ಳಬೇಡಿ. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳಲ್ಲಿ ಸಂಶೋಧಕರು ಒಂದು ವರ್ಷದುದ್ದಕ್ಕೂ ಸುಮಾರು ಎರಡು ವಾರಕ್ಕೊಮ್ಮೆ ಅದೇ ಮನೆಗಳಿಗೆ ಹೋಗಿ ಬಂದ ದುಡ್ಡು, ಹೋದ ದುಡ್ಡು, ತಂದ ಸಾಲ, ಕೊಟ್ಟ ಸಾಲ ಎಲ್ಲಾ ಬರೆದುಕೊಂಡಿದ್ದಾರೆ. ಹಣಕಾಸು ದಿನಚರಿ ಅನ್ನುವ ವಿಧಾನ ಅದು. ದಿನಕ್ಕೆ ಎರಡು ಡಾಲರ್ ಆದಾಯ ಅಂದರೆ ದಿನಾಲೂ ಎರಡು ಡಾಲರ್ ಬರುತ್ತದೆ ಅಂತ ಅರ್ಥ ಅಲ್ಲ ಅನ್ನೋದು ಅಲ್ಲಿ ಎದ್ದು ಕಂಡ ವಿಷಯ. ಕಡಿಮೆ ಆದಾಯ ಒಂದು ಕಷ್ಟ, ಅದು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿರುವುದು ಅದರ ಮೇಲೆ ಇನ್ನೊಂದು ಕಷ್ಟ.

ಇಲ್ಲಿ ಒಂದು ಹಳೆಯ ಕೆಲಸ ನೆನಪಿಸಲೇಬೇಕು. ಡಾಲರ್ ಸ್ಟ್ರೀಟ್‌ಗೆ ನೂರು ವರ್ಷಕ್ಕೂ ಮುಂಚೆ ಬೀದಿ ಲೆಕ್ಕದಲ್ಲಿ ಬಡತನ ತೋರಿಸಿದವರು ಲಂಡನ್ನಿನ ಚಾರ್ಲ್ಸ್ ಬೂತ್. ಹಡಗು ವ್ಯಾಪಾರಿ. 1886ರಲ್ಲಿ ಸಮೀಕ್ಷೆ ಶುರು ಮಾಡಿ, ಲಂಡನ್ನಿನ ಒಂದೊಂದು ಬೀದಿಗೂ ಒಂದೊಂದು ಬಣ್ಣ ಬಳಿದ ನಕ್ಷೆ ಮಾಡಿಸಿದರು. ತೀರಾ ಕೆಳಗಿನವರ ಬೀದಿ ಕಪ್ಪು, ಬಡವರದ್ದು ನೀಲಿ, ಶ್ರೀಮಂತರದ್ದು ಹಳದಿ. ಲಂಡನ್ನಿನ ಜನರಲ್ಲಿ ಶೇ 30.7ರಷ್ಟು ಬಡತನದಲ್ಲಿದ್ದಾರೆ ಅಂತ ಅವರ ಲೆಕ್ಕ ಹೇಳಿತು. ನಕ್ಷೆಯನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಅದನ್ನೂ ನೋಡಿ. ಬೂತ್ ಬಡವರನ್ನು ಒಂದೇ ಗುಂಪಿಗೆ ಹಾಕಲಿಲ್ಲ ಅನ್ನೋದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆಗೊಮ್ಮೆ ಈಗೊಮ್ಮೆ ಕೆಲಸ ಸಿಗುವವರು ಒಂದು ವರ್ಗ, ಕಡಿಮೆ ಆದರೂ ಖಾಯಂ ಸಂಪಾದನೆ ಇರುವವರು ಇನ್ನೊಂದು ವರ್ಗ. ಬಡತನಕ್ಕೆ ಕಾರಣ ಹುಡುಕಿದಾಗಲೂ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಸಿಕ್ಕಿದ್ದು ಉದ್ಯೋಗದ ಸಮಸ್ಯೆ, ಅಂದರೆ ಕೆಲಸ ಇಲ್ಲ, ಇದ್ದರೆ ಬಿಟ್ಟು ಬಿಟ್ಟು ಇದೆ, ಅಥವಾ ಕೂಲಿ ಸಾಲದು. ಕುಡಿತ, ದುಂದುವೆಚ್ಚ ಅನ್ನುವ ಕಾರಣಗಳು ಅದಕ್ಕಿಂತ ಬಹಳ ಕೆಳಗೆ ಬಂದವು. ಬಡವರು ಸೋಮಾರಿಗಳು ಅಂತ ಇವತ್ತಿಗೂ ಹೇಳುತ್ತಾರಲ್ಲ, ಅವರಿಗೆ ಈ ಪಟ್ಟಿ ತೋರಿಸಬೇಕು. ಆ ಕಾಲದಲ್ಲೇ ಕಾಗದ ಪೆನ್ಸಿಲ್ ಹಿಡಿದು ಮಾಡಿದ ವಿಂಗಡಣೆ ಇದು. ಎಲ್ಲಾ ಸೌಲಭ್ಯ ಇರುವ ಜಾಲತಾಣದಲ್ಲಿ ಇದು ಯಾಕಿಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ನಿರುದ್ಯೋಗದ ಅಂಕಿ ಈ ಜಾಗ ತುಂಬುತ್ತದಾ ಅಂದರೆ ಅದೂ ತುಂಬುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯೆ ಪ್ರಕಾರ ಒಂದು ವಾರದಲ್ಲಿ ಒಂದು ಗಂಟೆ ಸಂಬಳಕ್ಕೋ ಲಾಭಕ್ಕೋ ದುಡಿದರೂ ಅವರು ಉದ್ಯೋಗಸ್ಥರು. ನಿರುದ್ಯೋಗಿ ಅನ್ನಿಸಿಕೊಳ್ಳಲು ಕೆಲಸ ಇರಬಾರದು, ಕೆಲಸ ಹುಡುಕುತ್ತಿರಬೇಕು, ಸಿಕ್ಕರೆ ಮಾಡಲು ಸಿದ್ಧ ಇರಬೇಕು. ಉಳಿತಾಯ ಇಲ್ಲದ, ಯಾವ ಭತ್ಯೆಯೂ ಸಿಗದ ಮನೆಯವರು ಸುಮ್ಮನೆ ಕೂತು ಹುಡುಕುವ ಹಾಗಿಲ್ಲ. ಸಿಕ್ಕಿದ ಚಿಲ್ಲರೆ ಕೆಲಸ ಮಾಡುತ್ತಾರೆ, ಉದ್ಯೋಗಸ್ಥರ ಪಟ್ಟಿಗೆ ಸೇರುತ್ತಾರೆ. ಹಾಗಾಗಿ ಬಹಳ ಬಡ ಜಾಗಗಳಲ್ಲೂ ನಿರುದ್ಯೋಗದ ಪ್ರಮಾಣ ಕಡಿಮೆ ಇರಬಹುದು. ಜಗತ್ತಿನಲ್ಲಿ ದುಡಿಯುವವರ ಪೈಕಿ ಶೇ 60ಕ್ಕಿಂತ ಜಾಸ್ತಿ ಜನ, ಸುಮಾರು 200 ಕೋಟಿ, ಅಸಂಘಟಿತ ಕೆಲಸದಲ್ಲಿದ್ದಾರೆ ಅಂತ ಅದೇ ಸಂಸ್ಥೆ 2018ರಲ್ಲಿ ಹೇಳಿದೆ. ನೇಮಕಾತಿ ಪತ್ರ ಇಲ್ಲ, ಪಿಂಚಣಿ ಇಲ್ಲ, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಡಾಲರ್ ಸ್ಟ್ರೀಟಿನ ಎಡ ಅರ್ಧದ ಬಹುಪಾಲು ಮನೆಗಳ ಕಥೆ ಇದೇ ಇರಬೇಕು, ಆದರೆ ಫೋಟೋ ನೋಡಿದರೆ ಗೊತ್ತಾಗುವುದಿಲ್ಲ.

ಸಣ್ಣ ತಕರಾರುಗಳೂ ಇವೆ. ಇಲ್ಲಿನ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಲ್ಲ, ಫೋಟೋಗ್ರಾಫರಿಗೆ ಸಿಕ್ಕಿದ, ಒಪ್ಪಿಕೊಂಡ ಮನೆಗಳು. ಹಾಗಾಗಿ ಒಂದು ದೇಶದ ನಾಲ್ಕು ಮನೆ ನೋಡಿ ಆ ದೇಶ ಹೀಗೆ ಅಂತ ಹೇಳಬಾರದು. ಕೆಲವರು ತರಗತಿಯಲ್ಲಿ ಹಾಗೇ ಬಳಸುತ್ತಾರೆ, ತಪ್ಪು. 2016ರಲ್ಲಿ ತಾಣ ಶುರುವಾದಾಗಿನ ಫೋಟೋಗಳು ಈಗಲೂ ಹಾಗೇ ಇವೆ, ಆ ಮನೆಗಳಲ್ಲಿ ಆಮೇಲೆ ಏನಾಯಿತು ಅಂತ ತಿಳಿಯುವುದಿಲ್ಲ. ಬಡತನ ಅಂದರೆ ಒಳಗೆ ಹೋಗುವವರೂ ಇರುತ್ತಾರೆ, ಹೊರಗೆ ಬರುವವರೂ ಇರುತ್ತಾರೆ, ಅದು ಒಂದೇ ಫೋಟೋದಲ್ಲಿ ಹೇಗೆ ಗೊತ್ತಾಗಬೇಕು? ಇನ್ನು ಮನೆಯೊಳಗಿನ ಹಂಚಿಕೆ. ಮನೆಯ ಆದಾಯ ಎಲ್ಲರಿಗೂ ನ್ಯಾಯವಾಗಿ ಸಿಗುತ್ತದೆ ಅಂತ ಲೆಕ್ಕ ಹಿಡಿದಿರುತ್ತಾರೆ. ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಗೆ ಎಷ್ಟು ಬಿತ್ತು ಅನ್ನೋದು ಯಾವ ಮನೆ ನಂಬರಿನಲ್ಲೂ ಇರುವುದಿಲ್ಲ.

ಬೆತ್ತಲೆ ಬಡತನದ ಫೋಟೋ ತೋರಿಸಿ ಕನಿಕರ ಗಿಟ್ಟಿಸುವ ಕೆಲಸ ಮಾತ್ರ ಇಲ್ಲಿ ಆಗಿಲ್ಲ, ಇದನ್ನು ಒತ್ತಿ ಹೇಳಬೇಕು. ಶ್ರೀಮಂತರ ಮನೆಗೆ ಹಿಡಿದ ಕ್ಯಾಮೆರಾವನ್ನೇ ಬಡವರ ಮನೆಗೂ ಹಿಡಿದಿದ್ದಾರೆ, ಕೇಳಿದ ಪ್ರಶ್ನೆಯೂ ಒಂದೇ. ಮುಂದೆ ಕೊಳ್ಳಬೇಕು ಅಂತ ಇರುವ ದೊಡ್ಡ ವಸ್ತು ಯಾವುದು ಅಂತ ಎಲ್ಲರನ್ನೂ ಕೇಳಿದ್ದಾರೆ. ಎಲ್ಲರಿಗೂ ಒಂದೊಂದು ಯೋಜನೆ ಇದೆ. ಅದನ್ನು ಓದಿದ ಮೇಲೆ ಆ ಮನೆಯವರನ್ನು ಅಯ್ಯೋ ಪಾಪ ಅನ್ನುವ ಕಣ್ಣಲ್ಲಿ ನೋಡಲು ಮನಸ್ಸು ಬರುವುದಿಲ್ಲ.

ನನ್ನ ಪ್ರಕಾರ ಐದಕ್ಕೆ ನಾಲ್ಕು ಸ್ಟಾರ್. ಆದಾಯದ ವ್ಯತ್ಯಾಸ ಅಂದರೆ ಏನು ಅಂತ ತಿಳಿಯಲು ಇದು ಸಾಕು, ಒಂದು ಜಾಗದ ಜನರ ಸ್ಥಿತಿ ತಿಳಿಯಲು ಸಾಲದು. ಅದಕ್ಕೆ ಎಣಿಕೆ ಬೇಕು, ವಿಶ್ವ ಬ್ಯಾಂಕಿನ ಬಡತನ ಮತ್ತು ಅಸಮಾನತೆ ತಾಣ, ಕಾರ್ಮಿಕ ಸಂಸ್ಥೆಯ ಅಂಕಿಅಂಶ ತಾಣ ಎರಡೂ ಉಚಿತ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಸಮೀಕ್ಷೆಗೆ ಹೋಗುವವರು ಇವರ ವಿಧಾನವನ್ನೇ ಎತ್ತಿಕೊಳ್ಳಬಹುದು, ಪ್ರತಿ ಮನೆಯಲ್ಲೂ ಅದೇ ವಸ್ತು, ಅದೇ ಪ್ರಶ್ನೆ. ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ: ಹೋದ ವರ್ಷ ಯಾವ ಯಾವ ತಿಂಗಳು ಕೆಲಸ ಇರಲಿಲ್ಲ, ಆಗ ದುಡ್ಡು ಯಾರ ಹತ್ತಿರ ತಂದಿರಿ? ಫೋಟೋಗಳನ್ನು ಪಾಠಕ್ಕೆ, ಲೇಖನಕ್ಕೆ ಬಳಸಲು ಅಡ್ಡಿ ಇಲ್ಲ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ, ಡಾಲರ್ ಸ್ಟ್ರೀಟ್ ಹೆಸರು ಹಾಕಿದರೆ ಆಯಿತು. ಮೊಬೈಲ್‌ನಲ್ಲಿ ನೋಡುವುದಕ್ಕಿಂತ ದೊಡ್ಡ ಪರದೆಯಲ್ಲಿ ನೋಡಿ, ಎಡ ತುದಿ ಬಲ ತುದಿ ಎರಡೂ ಒಟ್ಟಿಗೆ ಕಾಣುತ್ತವೆ.